‘ಫೈನ್’ ಅಂದರೆ ಏನು? ಒಂದು ಪದವನ್ನು ಬಿಡಿಸಿ ಕಲಿಯೋದು ಹೀಗೆ

ಮೊನ್ನೆ ನಮ್ಮ ಬೀದಿಯ ಹಿಟ್ಟಿನ ಗಿರಣಿಯಲ್ಲಿ ರಾಗಿ ಡಬ್ಬ ಹಿಡಿದು ನಿಂತಿದ್ದೆ. ಮುಂದಿದ್ದ ಹೆಂಗಸು, ‘ಫೈನಾಗಿ ಬೀಸಪ್ಪ, ಮಗೂಗೆ ಸರಿ ಮಾಡ್ಬೇಕು’ ಅಂದರು. ಗಿರಣಿಯವನು ಬೀಳುತ್ತಿದ್ದ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಕಲ್ಲನ್ನು ಇನ್ನೊಂದು ಸುತ್ತು ಬಿಗಿ ಮಾಡಿದ. ಅಷ್ಟರಲ್ಲಿ ಅವನಿಗೆ ಫೋನ್ ಬಂತು. ‘ಹೆಲ್ಮೆಟ್ ಇಲ್ದೆ ಹೋಗಿ ಫೈನ್ ಕಟ್ಟಿದ್ಯಾ? ಎಷ್ಟು?’ ಅಂತ ಕೇಳಿದ. ಒಂದೇ ಪದ, ಎರಡು ಅರ್ಥ. ಅಲ್ಲಿದ್ದ ಯಾರಿಗೂ ಗೊಂದಲ ಆಗಲಿಲ್ಲ.

ಆದರೆ ಮಕ್ಕಳಿಗೆ ಪದ ಕಲಿಸುವಾಗ ನಾವು ಇದನ್ನೆಲ್ಲ ಮರೆತುಬಿಡುತ್ತೇವೆ. ‘ಫೈನ್ ಅಂದ್ರೆ ಚೆನ್ನಾಗಿರುವ’ ಅಂತ ಒಂದು ಸಾಲು ಬರೆಸುತ್ತೇವೆ. ಪಕ್ಕದಲ್ಲಿ ನಾಲ್ಕು ಸಮಾನಾರ್ಥಕ ಪದ ಬಾಯಿಪಾಠ ಮಾಡಿಸುತ್ತೇವೆ. ಇದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಮಗುವಿಗೆ ಆ ಪದ ಅರ್ಧ ಆಗಲೇ ಗೊತ್ತಿರುತ್ತದೆ, ಮನೆಯಲ್ಲೇ ಕೇಳಿರುತ್ತದೆ. ನಾವು ಅಲ್ಲಿಂದ ಶುರು ಮಾಡಬೇಕು, ಅಲ್ವಾ?

ಮೊದಲ ಹೆಜ್ಜೆ, ಪದವನ್ನು ಅದರ ಜೊತೆಗಾರರ ಸಮೇತ ಬರೆದುಕೊಳ್ಳೋದು. ಬರೀ ‘ಫೈನ್’ ಅಂತ ಬರೆಯಬೇಡಿ. ಫೈನ್ ಪೌಡರ್, ಫೈನ್ ಗೋಲ್ಡ್, ಫೈನ್ ಆರ್ಟ್ಸ್, ಫೈನ್ ಲೆಗ್, ಫೈನ್ ಪ್ರಿಂಟ್, ಫೈನ್ ಕಟ್ಟು, ಐ ಆಮ್ ಫೈನ್. ಒಂದು ವಾರ ಕಿವಿ ತೆರೆದಿಟ್ಟರೆ ಇಷ್ಟೂ ಸಿಗುತ್ತವೆ.

ಆಮೇಲೆ ಪ್ರತಿಯೊಂದಕ್ಕೂ ‘ಇಲ್ಲಿ ಕನ್ನಡದಲ್ಲಿ ಏನಂತೀವಿ?’ ಅಂತ ಕೇಳಿಕೊಳ್ಳಿ. ‘ಫೈನ್‌ಗೆ ಕನ್ನಡ ಏನು’ ಅಂತಲ್ಲ, ‘ಇಲ್ಲಿ ಏನು’ ಅಂತ. ಮಜಾ ಇರೋದೇ ಈ ಕೆಲಸದಲ್ಲಿ. ಹಿಟ್ಟಾದರೆ ನುಣ್ಣಗೆ. ರವೆಯಾದರೆ ಸಣ್ಣ, ಅಂದರೆ ನಮ್ಮ ಚಿರೋಟಿ ರವೆ. ಕಲೆಯ ಮುಂದೆ ಬಂದರೆ ಲಲಿತ. ಚಿನ್ನದ ಮುಂದೆ ಬಂದರೆ? ಅದಕ್ಕೆ ಕನ್ನಡದಲ್ಲಿ ‘ಅಪರಂಜಿ’ ಅಂತ ಚೆಂದದ ಪದವೇ ಇದೆ. ಇಲ್ಲಿ ಫೈನ್ ಅಂದರೆ ಬೆರಕೆ ಇಲ್ಲದ್ದು. ಒಡವೆ ಮೇಲೆ 916 ಅಂತ ಅಚ್ಚು ಇರುತ್ತದಲ್ಲ, ಅದನ್ನೊಮ್ಮೆ ಮಕ್ಕಳಿಗೆ ತೋರಿಸಿ. ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ, ಉಳಿದದ್ದು ಬೇರೆ ಲೋಹ ಅಂತ ಅರ್ಥ. 22 ಕ್ಯಾರೆಟ್ ಅನ್ನೋದೂ ಇದನ್ನೇ. ಈ ಅಳತೆಗೆ ಇಂಗ್ಲಿಷ್‌ನಲ್ಲಿ ‘ಫೈನ್‌ನೆಸ್’ ಅನ್ನುತ್ತಾರೆ.

ಕ್ರಿಕೆಟ್ ನೋಡುವ ಮಕ್ಕಳಿದ್ದರೆ ಫೈನ್ ಲೆಗ್ ಬಗ್ಗೆ ಕೇಳಿ ನೋಡಿ. ಫೀಲ್ಡರ್ ಎಲ್ಲಿ ನಿಲ್ಲುತ್ತಾನೆ ಅಂತ ಥಟ್ಟನೆ ತೋರಿಸುತ್ತಾರೆ. ಆದರೆ ‘ಫೈನ್’ ಯಾಕೆ ಅಂದರೆ ಸುಮ್ನಾಗುತ್ತಾರೆ. ಒಂದು ಹಾಳೆಯಲ್ಲಿ ಎರಡು ವಿಕೆಟ್ ಬರೆದು ಅವನ್ನು ಸೇರಿಸುವ ಗೆರೆ ಎಳೆಯಿರಿ. ಆ ಗೆರೆಯನ್ನು ಬ್ಯಾಟ್ಸ್‌ಮನ್ ಹಿಂದೆ ಬೌಂಡರಿವರೆಗೂ ಉದ್ದ ಮಾಡಿ. ಲೆಗ್ ಸೈಡ್‌ನಲ್ಲಿ ಆ ಗೆರೆಗೆ ಹತ್ತಿರ ಇರೋನು ‘ಫೈನ್’. ಗೆರೆಯಿಂದ ದೂರ, ಪಕ್ಕಕ್ಕೆ ಸರಿದಷ್ಟೂ ‘ಸ್ಕ್ವೇರ್’. ಅಂದರೆ ಕೋನ ತೆಳ್ಳಗಿದೆ ಅಂತ. ಹಿಟ್ಟಿನ ಸಣ್ಣತನವೇ ಇಲ್ಲಿ ಕೋನಕ್ಕೆ ಬಂದಿದೆ. ಹೀಗೆ ಬಿಡಿಸಿ ಹೇಳಿದ ಪದ ಮಕ್ಕಳಿಗೆ ಮರೆಯೋದಿಲ್ಲ.

ಮೂರನೆಯದು ಬೇರು ನೋಡೋದು. ಇದಕ್ಕೆ ಜಾಸ್ತಿ ಹೊತ್ತು ಬೇಡ. ಲ್ಯಾಟಿನ್‌ನಲ್ಲಿ ‘ಫಿನಿಸ್’ ಅಂದರೆ ಕೊನೆ. ಅದು ಫ್ರೆಂಚ್ ದಾಟಿ ಇಂಗ್ಲಿಷ್‌ಗೆ ಬಂತು. ಕೊನೆ ಮುಟ್ಟಿದ್ದು, ಪೂರ್ತಿ ಹದವಾದದ್ದು ಅನ್ನೋದರಿಂದ ‘ಉತ್ತಮ’ ಅನ್ನೋ ಅರ್ಥ ಹುಟ್ಟಿತು. ಜಗಳಕ್ಕೆ ಕೊನೆ ಹಾಡೋಕೆ ಕೊಟ್ಟ ದುಡ್ಡು ದಂಡ ಆಯಿತು. ಫಿನಿಶ್, ಫೈನಲ್, ರಿಫೈನ್, ಫೈನಾನ್ಸ್ ಎಲ್ಲ ಇದೇ ಮನೆಯವು.

ಇಷ್ಟಾದ ಮೇಲೆ ಸಮಾನಾರ್ಥಕ ಪದಗಳಿಗೆ ಕೈ ಹಾಕಿ. ಮೊದಲೇ ಬೇಡ. ಯಾಕೆಂದರೆ ಒಂದೊಂದು ಅರ್ಥಕ್ಕೂ ಬೇರೆ ಬೇರೆ ಪದಗಳಿವೆ. ಹೊಗಳುವ ಫೈನ್‌ಗೆ ಎಕ್ಸಲೆಂಟ್, ಸ್ಪ್ಲೆಂಡಿಡ್. ನೂಲಿನ ಫೈನ್‌ಗೆ ಥಿನ್, ಡೆಲಿಕೇಟ್. ಚಿನ್ನಕ್ಕೆ ಪ್ಯೂರ್. ದಂಡಕ್ಕೆ ಪೆನಾಲ್ಟಿ. ಪ್ರತಿಯೊಂದನ್ನೂ ವಾಕ್ಯದಲ್ಲಿ ಇಟ್ಟು ನೋಡಬೇಕು. ದಂಡವೇ ತಗೊಳ್ಳಿ. ಫೈನ್ ಅಂದರೆ ದುಡ್ಡು ಮಾತ್ರ. ಪೆನಾಲ್ಟಿ ಅದಕ್ಕಿಂತ ದೊಡ್ಡದು, ಯಾವ ಶಿಕ್ಷೆಯೂ ಆಗಬಹುದು. ಫುಟ್‌ಬಾಲ್‌ನಲ್ಲಿ ಪೆನಾಲ್ಟಿ ಕಿಕ್ ಉಂಟು, ಫೈನ್ ಕಿಕ್ ಇಲ್ಲ. ಎರಡೂ ಒಂದೇ ಅಂತ ಬರೆಸಿಕೊಂಡ ಮಗುವಿಗೆ ಇದು ತಿಳಿಯೋದು ಹೇಗೆ?

ಕೊನೆಗೆ, ಪದ ವಾಕ್ಯದಲ್ಲಿ ಎಲ್ಲಿ ಕೂತಿದೆ ನೋಡಿ. ನಾವು ಜಾಸ್ತಿ ಎಡವುವುದು ಇಲ್ಲೇ. ‘ಶಿ ಈಸ್ ಎ ಫೈನ್ ಟೀಚರ್’ ಅಂದರೆ ತುಂಬಾ ಒಳ್ಳೆಯ ಮೇಡಂ, ಅದು ಹೊಗಳಿಕೆ. ‘ದ ಟೀಚರ್ ಈಸ್ ಫೈನ್’ ಅಂದರೆ ಮೇಡಂ ಆರಾಮಾಗಿದ್ದಾರೆ, ಅಥವಾ ಪರವಾಗಿಲ್ಲ. ಹಾಗಾಗಿ ಯಾರಾದರೂ ಕಷ್ಟಪಟ್ಟು ಮಾಡಿದ ಅಡುಗೆಗೆ ‘ಇಟ್ಸ್ ಫೈನ್’ ಅನ್ನಬೇಡಿ. ‘ತಿನ್ನಬಹುದು’ ಅಂದಂತೆ ಆಗುತ್ತದೆ. ನಮ್ಮಲ್ಲಿ ‘ಐ ಆಮ್ ವೆರಿ ಫೈನ್’ ಅನ್ನೋ ರೂಢಿಯೂ ಇದೆ. ಆರೋಗ್ಯ ಹೇಳುವಾಗ ಫೈನ್‌ಗೆ ವೆರಿ ಸೇರುವುದಿಲ್ಲ. ‘ವೆರಿ ವೆಲ್’ ಅನ್ನಿ. ಬರೀ ‘ಫೈನ್’ ಸಾಕು.

ಹೊರದೇಶಕ್ಕೆ ಹೊಸದಾಗಿ ಹೋದವರು ಇನ್ನೊಂದನ್ನು ಗಮನದಲ್ಲಿಡಬೇಕು. ಇನ್ನೂ ಸ್ವಲ್ಪ ಕಾಫಿ ಬೇಕಾ ಅಂತ ಕೇಳಿದಾಗ ‘ಐ ಆಮ್ ಫೈನ್’ ಅಂದರೆ ಬೇಡ, ಸಾಕು ಅಂತ. ಆಗಲಿ ಅಂತಲ್ಲ. ಬೇಕಿದ್ದರೆ ‘ಎಸ್, ಪ್ಲೀಸ್’ ಅನ್ನಿ. ಇನ್ನು ಮಾತು ಬೆಳೆದಾಗ ಒಬ್ಬರು ಗಟ್ಟಿಯಾಗಿ ‘ಫೈನ್!’ ಅಂದರೆ ಅದು ಒಪ್ಪಿಗೆಯಲ್ಲ, ಸಿಟ್ಟು. ನಮ್ಮ ‘ಆಯ್ತು ಬಿಡು’ ಇದ್ದಂತೆ. ‘ಆಯ್ತು’ಗೂ ‘ಆಯ್ತು ಬಿಡು’ಗೂ ಎಷ್ಟು ದೂರ ಅಂತ ಕನ್ನಡದ ಮಕ್ಕಳಿಗೆ ಹೇಳಿಕೊಡಬೇಕಿಲ್ಲ.

ಮುಂದಿನ ವಾರ ಇದೇ ಕ್ರಮದಲ್ಲಿ ‘ಲೈಟ್’ ಪದ ತಗೊಳ್ಳಿ. ಲೈಟ್ ಹಾಕು, ಲೈಟ್ ಟೀ, ಲೈಟಾಗಿ ತಗೋ. ಜೊತೆಗಾರರು ಮನೆಯಲ್ಲೇ ಸಿಗುತ್ತಾರೆ. ಮೂರನೇ ಹೆಜ್ಜೆಗೆ ಬಂದಾಗ ಮಾತ್ರ ಸ್ವಲ್ಪ ನಿಧಾನಿಸಿ. ಬೆಳಕಿನ ಲೈಟ್ ಬೇರೆ, ಹಗುರದ ಲೈಟ್ ಬೇರೆ. ಒಂದೇ ಸ್ಪೆಲಿಂಗ್ ಇದ್ದರೂ ಅವುಗಳ ಬೇರು ಎರಡು.