ಎಸ್‌ಜಿ ಐರನ್‌ನ ಗ್ರಾಫೈಟನ್ನು ಕಂಪ್ಯೂಟರಿನಲ್ಲಿ ಅಳೆಯುವುದು: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಬರವಿಲ್ಲ. ಅಂಥದೊಂದು ಫೌಂಡ್ರಿಯ ಲ್ಯಾಬಿನಲ್ಲಿ ಎಸ್‌ಜಿ ಐರನ್, ಅಂದರೆ ಗ್ರಾಫೈಟ್ ಗುಂಡಗಿರುವ ಬೀಡುಕಬ್ಬಿಣ, ಅದನ್ನು ನೋಡುವುದು ನನ್ನ ಕೆಲಸ. ಮಾಮೂಲಿ ಬೀಡಿನಲ್ಲಿ ಗ್ರಾಫೈಟ್ ಎಸಳು ಎಸಳಾಗಿ ಇರುತ್ತದೆ, ಆ ಎಸಳುಗಳ ಚೂಪು ತುದಿಯಿಂದಲೇ ಬಿರುಕು ಹೊರಡುತ್ತದೆ. ಕರಗಿದ ಲೋಹಕ್ಕೆ ಮೆಗ್ನೀಸಿಯಂ ಕೊಟ್ಟರೆ ಅದೇ ಗ್ರಾಫೈಟ್ ಗುಂಡಗಾಗುತ್ತದೆ. ಕೊನೆಗೆ ಲೋಹದಲ್ಲಿ ಸುಮಾರು 0.03ರಿಂದ 0.05 ಶೇಕಡಾ ಮೆಗ್ನೀಸಿಯಂ ಉಳಿದಿರಬೇಕು. ಸುರಿಯುವುದು ತಡವಾದರೆ ಅದು ಇಳಿದುಹೋಗುತ್ತದೆ, ಗುಂಡುಗಳು ಕೆಡುತ್ತವೆ. ಆದ್ದರಿಂದ ಎಷ್ಟು ಗುಂಡಗಿದೆ ಎಂದು ನೋಡಲೇಬೇಕು. ಇದಕ್ಕೇ ನಾಡ್ಯುಲಾರಿಟಿ ಅನ್ನುವುದು.

ಮೊದಲು ಗೋಡೆಯ ಮೇಲಿನ ಚಾರ್ಟಿಗೆ ಹೋಲಿಸಿ ಕಣ್ಣಳತೆಯಲ್ಲಿ ಹೇಳುತ್ತಿದ್ದೆವು. ಒಂದೇ ಸ್ಯಾಂಪಲ್‌ಗೆ ಒಬ್ಬರು ಶೇಕಡಾ 90 ಅಂದರೆ ಇನ್ನೊಬ್ಬರು 80 ಅನ್ನುತ್ತಿದ್ದರು. ಆಮೇಲೆ ಮೈಕ್ರೋಸ್ಕೋಪಿಗೆ ಕ್ಯಾಮೆರಾ ಹಾಕಿಸಿ, ಇಮೇಜ್‌ಜೆ ಬಳಸತೊಡಗಿದೆವು. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಬರೆದ, ಚಿತ್ರಗಳನ್ನು ಅಳೆಯುವ ಉಚಿತ ಸಾಫ್ಟ್‌ವೇರ್ ಅದು. ಜೀವಕೋಶ ಎಣಿಸುವವರಿಗೆ ಎಷ್ಟು ಉಪಯೋಗವೋ ನಮಗೂ ಅಷ್ಟೇ.

ಆದರೆ ಸಾಫ್ಟ್‌ವೇರಿಗಿಂತ ಜಾಸ್ತಿ ಹೊತ್ತು ಪಾಲಿಶಿಂಗ್ ಹತ್ತಿರ ಕೊಡಬೇಕು, ಇದನ್ನು ನಾನು ಹೊಸಬರಿಗೆಲ್ಲ ಒತ್ತಿ ಹೇಳುತ್ತೇನೆ. ಗ್ರಾಫೈಟ್ ಮೆತ್ತಗಿನ ವಸ್ತು. ಒತ್ತಿ ಉಜ್ಜಿದರೆ ಕಿತ್ತುಬರುತ್ತದೆ, ಅಲ್ಲಿ ಗುಂಡಿ ಉಳಿಯುತ್ತದೆ. ಇಲ್ಲವೇ ಸುತ್ತಲಿನ ಲೋಹ ಅದರ ಮೇಲೆ ಸವರಿಕೊಂಡು ಗುಂಡು ಚಿಕ್ಕದಾಗಿ ಕಾಣುತ್ತದೆ. ಗುಂಡಿಯೂ ಕಪ್ಪು, ಗ್ರಾಫೈಟೂ ಕಪ್ಪು, ನೀರಿನ ಕಲೆಯೂ ಕಪ್ಪು. ಕಂಪ್ಯೂಟರಿಗೆ ಮೂರೂ ಒಂದೇ. ನಾನು 220ರ ಉಜ್ಜುವ (ಎಮರಿ) ಕಾಗದದಿಂದ ಶುರುಮಾಡಿ 1200ರವರೆಗೆ ಹೋಗುತ್ತೇನೆ. ಪ್ರತಿ ಕಾಗದಕ್ಕೂ ಸ್ಯಾಂಪಲನ್ನು 90 ಡಿಗ್ರಿ ತಿರುಗಿಸುತ್ತೇನೆ, ಹಿಂದಿನ ಗೀರು ಪೂರ್ತಿ ಹೋಗುವ ತನಕ ಮುಂದಿನದಕ್ಕೆ ಹೋಗುವುದಿಲ್ಲ. ಆಮೇಲೆ 3 ಮತ್ತು 1 ಮೈಕ್ರಾನ್ ಡೈಮಂಡ್ ಪೇಸ್ಟ್, ಹಗುರ ಕೈ, ಆಲ್ಕೋಹಾಲಿನಲ್ಲಿ ತೊಳೆದು ಬಿಸಿಗಾಳಿ. ಫೋಟೋ ತೆಗೆಯುವ ಮೊದಲು ಮ್ಯಾಗ್ನಿಫಿಕೇಶನ್ ಹೆಚ್ಚಿಸಿ ಕೆಲವು ಗುಂಡುಗಳನ್ನು ಕಣ್ಣಲ್ಲೇ ನೋಡುತ್ತೇನೆ. ನಿಜವಾದ ಗ್ರಾಫೈಟ್ ಬೂದು ಬಣ್ಣ, ನಡುವಿನಿಂದ ಹೊರಗೆ ಹರಡಿದ ಎಳೆಗಳು ಕಾಣುತ್ತವೆ. ಅಚ್ಚ ಕಪ್ಪಾಗಿದ್ದರೆ ಅದು ಗುಂಡಿ. ಅಂಥ ಸ್ಯಾಂಪಲ್ ವಾಪಸ್ ಪಾಲಿಶಿಂಗ್‌ಗೆ.

ಫೋಟೋ 100 ಪಟ್ಟು ದೊಡ್ಡದು ಮಾಡಿ, ಆ್ಯಸಿಡ್ (ಕೊನೆಗೆ ಹೇಳುವ ನೈಟಾಲ್) ಹಚ್ಚುವ ಮೊದಲು. ಕ್ಯಾಮೆರಾದ ಆಟೋ ಎಕ್ಸ್‌ಪೋಷರ್ ಆಫ್, ಇಲ್ಲದಿದ್ದರೆ ಪ್ರತಿ ಚಿತ್ರದ ಬೆಳಕು ಬೇರೆಬೇರೆ. ಮೂಲೆಗಳು ಮಬ್ಬಾಗಿದ್ದರೆ ಖಾಲಿ ಜಾಗದ ಒಂದು ಚಿತ್ರ ತೆಗೆದು ಅದರಿಂದ ಭಾಗಿಸಿ ಸರಿಮಾಡಬಹುದು. ಅಳತೆಗೆ ಸ್ಟೇಜ್ ಮೈಕ್ರೋಮೀಟರ್, ಅಂದರೆ ಸಣ್ಣ ಗೆರೆಗಳ ಅಳತೆಪಟ್ಟಿ ಕೊರೆದ ಗಾಜು, ಸೇವ್ ಮಾಡುವುದು ಟಿಫ್ ಫೈಲಿನಲ್ಲಿ. ಚೆಂದ ಕಾಣುವ ಜಾಗ ಹುಡುಕಬಾರದು. ಸ್ಟೇಜನ್ನು ಸಮ ಅಂತರದಲ್ಲಿ ಸರಿಸುತ್ತಾ ಸಿಕ್ಕಿದ್ದನ್ನೇ ತೆಗೆಯಬೇಕು.

ಈಗ ಥ್ರೆಶೋಲ್ಡ್, ಅಂದರೆ ಎಷ್ಟು ಕಪ್ಪಿದ್ದರೆ ಗ್ರಾಫೈಟ್ ಎನ್ನುವ ಗೆರೆ. ವರದಿಯಲ್ಲಿ ಬರುವ ಸಂಖ್ಯೆ ಹುಟ್ಟುವುದೇ ಇಲ್ಲಿ. ಕೈಯಿಂದ ಆ ಗೆರೆಯನ್ನು ಸ್ವಲ್ಪ ಅತ್ತಿತ್ತ ಎಳೆದರೆ ಸಾಕು, ಗುಂಡುಗಳ ಗಾತ್ರವೂ ಅಂಚೂ ಬದಲಾಗುತ್ತವೆ. ಅದಕ್ಕೆ ನಾನು ಕೈ ಹಾಕುವುದಿಲ್ಲ. ಒಳ್ಳೆ ಪಾಲಿಶ್ ಆದ ಚಿತ್ರದಲ್ಲಿ ಬಿಳಿ ಲೋಹ, ಕಪ್ಪು ಗ್ರಾಫೈಟ್ ಎಂದು ಎರಡೇ ಗುಂಪು ಇರುವುದರಿಂದ, ಆ ಗೆರೆಯನ್ನು ಕಂಪ್ಯೂಟರೇ ಲೆಕ್ಕ ಹಾಕಿ ಎಳೆಯುವ ಓಟ್ಸು ವಿಧಾನ ಚೆನ್ನಾಗಿ ನಡೆಯುತ್ತದೆ. ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಪ್ರಕಟಿಸಿದ ವಿಧಾನ, ಇಂದಿಗೂ ಗಟ್ಟಿ.

ಮುಂದಿನದನ್ನು ತುಂಬಾ ಜನ ಗಮನಿಸುವುದಿಲ್ಲ. ಕಣ ಎಷ್ಟು ಗುಂಡಗಿದೆ ಎಂದು ಇಮೇಜ್‌ಜೆ ಕೊಡುವ 'ಸರ್ಕ್ಯುಲಾರಿಟಿ' ಸಂಖ್ಯೆ ಅಂಚಿನ ಉದ್ದವನ್ನು ನಂಬಿದೆ, ಪಿಕ್ಸೆಲ್‌ಗಳಲ್ಲಿ ಅಂಚು ಮೆಟ್ಟಿಲು ಮೆಟ್ಟಿಲಾಗಿರುವುದರಿಂದ ಚಿಕ್ಕ ಗುಂಡುಗಳಿಗೆ ಅದು ಸರಿಬರುವುದಿಲ್ಲ. 'ರೌಂಡ್' ಎಂಬ ಕಾಲಂ ಇದೆಯಲ್ಲ, ಅದೂ ಬೇಡ, ಅದು ದೀರ್ಘವೃತ್ತ ಕೂರಿಸಿ ಲೆಕ್ಕ ಹಾಕಿದ್ದು. ನಾಡ್ಯುಲಾರಿಟಿ ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 945-4 ಕೇಳುವುದು ಬೇರೆ: ಕಣದ ಅತಿ ಉದ್ದದ ಅಳತೆ, ಅಂದರೆ ಗರಿಷ್ಠ ಫೆರೆಟ್, ಅದನ್ನೇ ವ್ಯಾಸ ಮಾಡಿಕೊಂಡ ವೃತ್ತದಲ್ಲಿ ಕಣ ಎಷ್ಟು ಭಾಗ ತುಂಬುತ್ತದೆ ಎಂದು. ಫೆರೆಟ್ ಕಾಲಂ ಹೇಗೂ ಸಿಗುತ್ತದೆ, ವಿಸ್ತೀರ್ಣವನ್ನು 4ರಿಂದ ಗುಣಿಸಿ, ಪೈ ಮತ್ತು ಫೆರೆಟ್‌ನ ವರ್ಗದಿಂದ ಭಾಗಿಸಿದರೆ ಮುಗಿಯಿತು. 0.6 ಅಥವಾ ಅದಕ್ಕಿಂತ ಹೆಚ್ಚು ಬಂದದ್ದು ಗುಂಡು. 10 ಮೈಕ್ರಾನಿಗಿಂತ ಚಿಕ್ಕವನ್ನೂ ಚಿತ್ರದ ಅಂಚಿಗೆ ತಾಗಿದವನ್ನೂ ಬಿಟ್ಟುಬಿಡುತ್ತೇನೆ. ಶೇಕಡಾ ತೆಗೆಯುವುದು ಸಂಖ್ಯೆಯಿಂದಲ್ಲ, ವಿಸ್ತೀರ್ಣದಿಂದ.

ಇಮೇಜ್‌ಜೆಯಲ್ಲಿ ಕಣಗಳನ್ನು ಕತ್ತರಿಸಿ ಬೇರೆ ಮಾಡುವ ವಾಟರ್‌ಶೆಡ್ ಬಗ್ಗೆ ಹುಷಾರಾಗಿರಿ. ಅಂಟಿಕೊಂಡ ಎರಡು ಗುಂಡುಗಳನ್ನು ಬಿಡಿಸಲು ಅದು ಒಳ್ಳೆಯದೇ. ಆದರೆ ಮೆಗ್ನೀಸಿಯಂ ಇಳಿದ ಲೋಹದಲ್ಲಿ ಬರುವ ಹುಳದಂಥ ಗ್ರಾಫೈಟನ್ನೂ ತುಂಡು ತುಂಡು ಮಾಡಿ ಎಲ್ಲವನ್ನೂ ಗುಂಡು ಎಂದು ತೋರಿಸಿಬಿಡುತ್ತದೆ. ಕೆಟ್ಟ ಕಾಸ್ಟಿಂಗ್ ಹಾಗೆ ಪಾಸಾಗಬಾರದು, ಅಲ್ವಾ? ಒಬ್ಬ ಗಿರಾಕಿಯ ಲ್ಯಾಬಿಗೂ ನಮಗೂ ಸಂಖ್ಯೆ ಹೊಂದದಿದ್ದಾಗ ಇಬ್ಬರ ಸೆಟ್ಟಿಂಗ್ ಪಕ್ಕಪಕ್ಕ ಇಟ್ಟು ನೋಡಿದೆವು. ವ್ಯತ್ಯಾಸ ಇದ್ದದ್ದು ವಾಟರ್‌ಶೆಡ್‌ನಲ್ಲಿ ಮತ್ತು ಚಿಕ್ಕ ಕಣಗಳ ಮಿತಿಯಲ್ಲಿ. ಅಂದಿನಿಂದ ಪ್ರತಿ ವರದಿಗೂ ಮೂಲ ಚಿತ್ರ, ಕಪ್ಪು-ಬಿಳಿ ಮಾಡಿದ ಚಿತ್ರ, ಬಳಸಿದ ಮ್ಯಾಕ್ರೋ (ಸಾಫ್ಟ್‌ವೇರಿಗೆ ಕೊಟ್ಟ ಆದೇಶಗಳ ಪಟ್ಟಿ) ಮೂರನ್ನೂ ಜೊತೆಗೇ ಕಳಿಸುತ್ತೇವೆ.

ಗ್ರಾಫೈಟ್ ಬಿಟ್ಟರೆ ಉಳಿದ ಲೋಹದಲ್ಲಿ ಮೆತ್ತಗಿನ ಫೆರೈಟ್, ಗಟ್ಟಿಯಾದ ಪರ್ಲೈಟ್ ಎಂಬ ಭಾಗಗಳಿರುತ್ತವೆ. ಪರ್ಲೈಟ್ ಎಷ್ಟಿದೆ ಎಂದು ಬೇಕಾದರೆ ನೈಟಾಲ್, ಅಂದರೆ ಆಲ್ಕೋಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆ್ಯಸಿಡ್, ಹಚ್ಚಬೇಕು, 2 ಶೇಕಡಾ ಸಾಕು. ಫೆರೈಟ್ ಬಿಳಿ, ಪರ್ಲೈಟ್ ಕಪ್ಪು. ಆದರೆ ಗ್ರಾಫೈಟೂ ಕಪ್ಪಾಗಿಯೇ ಇದೆ. ಆದ್ದರಿಂದ ನೈಟಾಲ್‌ಗೆ ಮೊದಲು ಅಳೆದ ಗ್ರಾಫೈಟ್ ಭಾಗವನ್ನು ಕಳೆದು, ಉಳಿದದ್ದನ್ನು ಬರೀ ಲೋಹದ ಭಾಗಕ್ಕೆ ಹೋಲಿಸಿ ಶೇಕಡಾ ತೆಗೆಯಿರಿ. ನೈಟಾಲ್ ಜಾಸ್ತಿ ಹೊತ್ತು ಬಿಟ್ಟರೆ ಫೆರೈಟಿನ ಕಣಗಳ ಗಡಿಗಳೂ ದಪ್ಪಗೆ ಕಪ್ಪಾಗಿ ಪರ್ಲೈಟ್ ಲೆಕ್ಕಕ್ಕೆ ಸೇರುತ್ತವೆ, ಕೆಲವೇ ಸೆಕೆಂಡಿನಲ್ಲಿ ತೊಳೆದುಬಿಡಿ.