ಸೀಟು ಸಿಗೋದಕ್ಕೂ ಗಂಡು ಹೆಣ್ಣು ಅನ್ನೋದಕ್ಕೂ ಸಂಬಂಧ ಇದ್ಯಾ? ಕೈ-ಸ್ಕ್ವೇರ್ ಟೆಸ್ಟ್ ಪೆನ್ನು ಪೇಪರಲ್ಲೇ ಮಾಡಿ ನೋಡೋಣ

ಪ್ರಾಜೆಕ್ಟ್ ರಿಪೋರ್ಟ್ ಬರೆಯೋ ಟೈಮಲ್ಲಿ ಸುಮಾರು ಜನ ಡೇಟಾನ ಸಾಫ್ಟ್‌ವೇರ್‌ಗೆ ಹಾಕಿ, ಪಿ ವ್ಯಾಲ್ಯೂ (ಸಂಬಂಧ ಇಲ್ಲದೇ ಇದ್ರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಸುಮ್ನೆ ಅದೃಷ್ಟದ ಮೇಲೆ ಬರೋ ಸಾಧ್ಯತೆ) 0.05ಕ್ಕಿಂತ ಕಮ್ಮಿ ಬಂತಾ, ಸರಿ ಸಂಬಂಧ ಇದೆ ಅಂತ ಬರ್ದು ಮುಗಿಸ್ಬಿಡ್ತಾರೆ, ಆಮೇಲೆ ವೈವಾದಲ್ಲಿ ಈ ನಂಬರ್ ಎಲ್ಲಿಂದ ಬಂತಮ್ಮ ಅಂತ ಕೇಳಿದ್ರೆ ಬಾಯೇ ಬರಲ್ಲ. ಒಂದೇ ಒಂದ್ಸಲ ಕೂತು ಕೈಯಲ್ಲಿ ಲೆಕ್ಕ ಮಾಡಿ ಸಾಕು, ಕೂಡೋದು ಕಳೆಯೋದು ಗುಣಿಸೋದು ಭಾಗಿಸೋದು ಬಿಟ್ರೆ ಇದ್ರಲ್ಲಿ ಬೇರೆ ಗಣಿತಾನೇ ಇಲ್ಲ.

ಕೈ-ಸ್ಕ್ವೇರ್ ಟೆಸ್ಟ್ ಎತ್ತರ, ತೂಕದ ಥರ ಅಳೆಯೋ ವಿಷ್ಯಕ್ಕಲ್ಲ, ಗುಂಪಿನ ವಿಷ್ಯಕ್ಕೆ. ಗಂಡಸಾ ಹೆಂಗಸಾ, ಪಾಸಾ ಫೇಲಾ, ಬಸ್ಸಾ ಮೆಟ್ರೋನಾ, ಇಂಥವು. ಇಂಥ ಎರಡು ವೇರಿಯಬಲ್ ಇದ್ದಾಗ ಒಂದು ಗೊತ್ತಾದ್ರೆ ಇನ್ನೊಂದನ್ನ ಊಹಿಸೋಕೆ ಏನಾದ್ರೂ ಸಹಾಯ ಆಗತ್ತಾ ಅನ್ನೋದೇ ಪ್ರಶ್ನೆ. ಏನೂ ಸಹಾಯ ಆಗ್ಲಿಲ್ಲ ಅಂದ್ರೆ ಅವೆರಡೂ ಇಂಡಿಪೆಂಡೆಂಟ್.

ನಿಜವಾದ ಡೇಟಾನೇ ತಗೊಳ್ಳೋಣ. ಅಮೆರಿಕದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಬರ್ಕ್ಲಿ ಕ್ಯಾಂಪಸ್‌ಗೆ 1973ರಲ್ಲಿ ಪದವಿ ಆದ್ಮೇಲಿನ ಕೋರ್ಸ್‌ಗಳಿಗೆ ಬಂದ ಅರ್ಜಿಗಳು, ಅದ್ರಲ್ಲೂ ಅತಿ ಹೆಚ್ಚು ಅರ್ಜಿ ಬಂದ ಆರು ಡಿಪಾರ್ಟ್‌ಮೆಂಟ್‌ದು ಮಾತ್ರ. ಆ ವರ್ಷದ ಅಡ್ಮಿಷನ್ ಬಗ್ಗೆ ಬಿಕೆಲ್, ಹ್ಯಾಮೆಲ್, ಓಕಾನೆಲ್ ಅನ್ನೋ ಮೂವರು 1975ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ್ರು, ಅವತ್ತಿಂದ ಸ್ಟಾಟಿಸ್ಟಿಕ್ಸ್ ಕ್ಲಾಸಲ್ಲಿ ಈ ಉದಾಹರಣೆ ಓಡ್ತಾನೇ ಇದೆ.

ಗಂಡಸ್ರು: ಸೀಟು ಸಿಕ್ಕಿದ್ದು 1198, ಸಿಗದೇ ಇದ್ದಿದ್ದು 1493, ಒಟ್ಟು 2691
ಹೆಂಗಸ್ರು: ಸೀಟು ಸಿಕ್ಕಿದ್ದು 557, ಸಿಗದೇ ಇದ್ದಿದ್ದು 1278, ಒಟ್ಟು 1835
ಎಲ್ಲಾ ಸೇರಿ: ಸಿಕ್ಕಿದ್ದು 1755, ಸಿಗದೇ ಇದ್ದಿದ್ದು 2771, ಒಟ್ಟು 4526

ಚೌಕಾಬಾರದ ಮನೆ ಥರ ನಾಲ್ಕು ಮನೆ ಇದೆ ಅಂದ್ಕೊಳ್ಳಿ. ಗಂಡಸ್ರಲ್ಲಿ 44.5 ಪರ್ಸೆಂಟ್ ಜನಕ್ಕೆ ಸೀಟು ಸಿಕ್ಕಿದೆ, ಹೆಂಗಸ್ರಲ್ಲಿ 30.4. ನೋಡಿದ ತಕ್ಷಣ ಅನ್ಯಾಯ ಅನ್ಸತ್ತೆ, ಆದ್ರೆ ಇಷ್ಟು ವ್ಯತ್ಯಾಸ ಸುಮ್ನೆ ಅದೃಷ್ಟದ ಮೇಲೂ ಬರಬಹುದಾ ಅಂತ ಮೊದ್ಲು ನೋಡ್ಬೇಕು.

ಈಗ ಬರೋದೇ ಟೆಸ್ಟ್‌ನ ಜೀವಾಳ. ಸಂಬಂಧಾನೇ ಇಲ್ಲ ಅಂತ ಇಟ್ಕೊಳ್ಳಿ, ಆಗ ಪ್ರತಿ ಮನೇಲಿ ಎಷ್ಟು ಜನ ಇರಬೇಕಿತ್ತು? ಒಟ್ಟಾರೆ 4526ರಲ್ಲಿ 1755 ಜನಕ್ಕೆ ಸೀಟು ಸಿಕ್ಕಿದೆ, ಅದೇ ಪ್ರಮಾಣ ಗಂಡಸ್ರಿಗೂ ಹೆಂಗಸ್ರಿಗೂ ಸಮನಾಗಿ ಅನ್ವಯ ಆಗಬೇಕಿತ್ತು. ಹಾಗಾಗಿ ಅಡ್ಡ ಸಾಲಿನ ಮೊತ್ತಾನ ಉದ್ದ ಸಾಲಿನ ಮೊತ್ತದಿಂದ ಗುಣಿಸಿ, ಒಟ್ಟು ಜನದಿಂದ ಭಾಗಿಸಿ. ಗಂಡಸ್ರು ಸೀಟು ಸಿಕ್ಕಿದ ಮನೆಗೆ 2691 ಇಂಟು 1755 ಬೈ 4526, ಅಂದ್ರೆ 1043.46. ಮಿಕ್ಕಿದ್ದು ಕಳೆದ್ರೆ ಬಂತು: ಗಂಡಸ್ರು ಸಿಗದೇ ಇದ್ದಿದ್ದು 1647.54, ಹೆಂಗಸ್ರು ಸಿಕ್ಕಿದ್ದು 711.54, ಸಿಗದೇ ಇದ್ದಿದ್ದು 1123.46. ಇದನ್ನೇ ಎಕ್ಸ್‌ಪೆಕ್ಟೆಡ್ ಅನ್ನೋದು. ಅರ್ಧ ಮನುಷ್ಯ ಹೆಂಗಿರ್ತಾನೆ ಅಂತ ರೌಂಡ್ ಮಾಡೋಕೆ ಹೋಗ್ಬೇಡಿ, ಪಾಯಿಂಟ್ ಹಾಗೇ ಇರ್ಲಿ.

ಇನ್ನು ನಿಜವಾಗಿ ಇದ್ದಿದ್ದರಲ್ಲಿ ಇರಬೇಕಾಗಿದ್ದನ್ನ ಕಳೀರಿ. 1198 ಮೈನಸ್ 1043.46, ಅಂದ್ರೆ 154.54. ಬೇರೆ ಮೂರು ಮನೇಲೂ ಕಳೆದು ನೋಡಿ, ಎಲ್ಲಾ ಕಡೆ ಅದೇ 154.54, ಪ್ಲಸ್ಸೋ ಮೈನಸ್ಸೋ ಅಷ್ಟೇ ವ್ಯತ್ಯಾಸ. ಯಾಕಂದ್ರೆ ಮೊತ್ತಗಳು ಫಿಕ್ಸ್ ಆದ್ಮೇಲೆ ಒಂದು ಮನೆ ತುಂಬಿದ್ರೆ ಉಳಿದ ಮೂರು ತಾವಾಗೇ ತುಂಬ್ಕೊಳ್ಳತ್ವೆ, ಸ್ವತಂತ್ರವಾಗಿ ಅಲ್ಲಾಡೋಕೆ ಆಗೋದು ಒಂದೇ ಮನೆಗೆ. ಡಿಗ್ರೀಸ್ ಆಫ್ ಫ್ರೀಡಂ ಒಂದು ಅನ್ನೋದರ ಅರ್ಥ ಇಷ್ಟೇ. ಈ ಟೆಸ್ಟ್‌ನ 1900ರಲ್ಲಿ ಕೊಟ್ಟ ಕಾರ್ಲ್ ಪಿಯರ್ಸನ್ ಅಂಥೋರೇ ಇಂಥ ಟೇಬಲ್‌ಗೆ ಮೂರು ಅಂತ ಎಣಿಸಿದ್ರು, 1922ರಲ್ಲಿ ಫಿಶರ್ ಅನ್ನೋ ಇನ್ನೊಬ್ಬ ಸ್ಟಾಟಿಸ್ಟಿಷಿಯನ್ ಮೂರಲ್ಲ, ಒಂದೇ ಅಂತ ತೋರಿಸಿದ್ರು, ಆದ್ದರಿಂದ ನಿಮಗೆ ಇದು ಮೊದಲ ಸಲಕ್ಕೆ ತಲೆಗೆ ಹತ್ತಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ದೊಡ್ಡ ಟೇಬಲ್ ಆದ್ರೆ ಅಡ್ಡ ಸಾಲುಗಳ ಸಂಖ್ಯೇಲಿ ಒಂದು ಕಮ್ಮಿ ಮಾಡಿ, ಉದ್ದ ಸಾಲುಗಳ ಸಂಖ್ಯೇಲೂ ಒಂದು ಕಮ್ಮಿ ಮಾಡಿ ಗುಣಿಸಿ.

ವ್ಯತ್ಯಾಸಾನ ವರ್ಗ ಮಾಡಿ ಆಯಾ ಮನೆಯ ಎಕ್ಸ್‌ಪೆಕ್ಟೆಡ್‌ನಿಂದ ಭಾಗಿಸಿ: 22.89, 14.50, 33.57, 21.26. ಕೂಡಿದ್ರೆ ಸುಮಾರು 92.2, ಇದೇ ಕೈ-ಸ್ಕ್ವೇರ್. ಸಂಬಂಧ ಇಲ್ಲದೇ ಇದ್ರೆ ಈ ನಂಬರ್ 3.84 ದಾಟೋ ಸಾಧ್ಯತೆ ನೂರಕ್ಕೆ ಐದು ಮಾತ್ರ, ನಮ್ದು 92, ಪಿ ವ್ಯಾಲ್ಯೂನಲ್ಲಿ ಪಾಯಿಂಟ್ ಆದ್ಮೇಲೆ ಇಪ್ಪತ್ತಕ್ಕೂ ಹೆಚ್ಚು ಸೊನ್ನೆ ಬರತ್ತೆ. ಸಾಫ್ಟ್‌ವೇರ್ 0.000 ಅಂತ ತೋರಿಸಿದ್ರೆ ಅದನ್ನ ಹಾಗೇ ಬರೀಬೇಡಿ, 0.001ಕ್ಕಿಂತ ಕಮ್ಮಿ ಅಂತ ಬರೀರಿ.

ಎಕ್ಸೆಲ್‌ನಲ್ಲಿ ಎಕ್ಸ್‌ಪೆಕ್ಟೆಡ್ ಟೇಬಲ್ ನೀವೇ ಮಾಡಿ ಕೊಡ್ಬೇಕು. ಆರ್ ಅನ್ನೋ ಸಾಫ್ಟ್‌ವೇರ್‌ನಲ್ಲೋ ಪೈಥಾನ್‌ನ ಸೈಪೈನಲ್ಲೋ ಮಾಡಿದ್ರೆ ನಾಲ್ಕು ಮನೆ ಟೇಬಲ್‌ಗೆ ಅವು ಯೇಟ್ಸ್ ಕರೆಕ್ಷನ್ (ಕೈ-ಸ್ಕ್ವೇರ್‌ನ ಸ್ವಲ್ಪ ಕಮ್ಮಿ ಮಾಡೋ ತಿದ್ದುಪಡಿ) ತಾವೇ ಹಾಕ್ಬಿಡತ್ವೆ, 92.2 ಬದ್ಲು 91.6 ಬರತ್ತೆ, ಲೆಕ್ಕ ತಪ್ಪಿತು ಅಂತ ಗಾಬರಿ ಆಗ್ಬೇಡಿ.

ನಾನು ಪದೇ ಪದೇ ನೋಡೋ ತಪ್ಪು ಅಂದ್ರೆ ಜನರ ಸಂಖ್ಯೆ ಬದ್ಲು ಪರ್ಸೆಂಟೇಜ್ ಹಾಕೋದು. ಇದೇ ಟೇಬಲ್‌ಗೆ 44.5, 55.5, 30.4, 69.6 ಹಾಕಿ ನೋಡಿ, 92 ಹೋಗಿ ಬರೀ 4.2 ಬರತ್ತೆ, ಯಾಕಂದ್ರೆ ಟೆಸ್ಟ್‌ಗೆ ನೀವು ಹೇಳಿದ್ದು ಒಟ್ಟು ಇನ್ನೂರೇ ಜನ ಅಂತ. ಮತ್ತೆ ಒಬ್ಬ ಮನುಷ್ಯ ಒಂದೇ ಮನೇಲಿ ಇರಬೇಕು, ಒಬ್ಬರೇ ಮೂರು ಆಪ್ಷನ್ ಟಿಕ್ ಮಾಡೋ ಸರ್ವೇ ಡೇಟಾನ ಹಾಗೇ ಇದಕ್ಕೆ ತುರುಕೋ ಹಾಗಿಲ್ಲ. ಟ್ರೈನಿಂಗ್‌ಗೆ ಮುಂಚೆ, ಆಮೇಲೆ ಅಂತ ಅದೇ ಜನರನ್ನ ಎರಡ್ಸಲ ಕೇಳಿದ್ರೆ ಮೆಕ್‌ನೆಮರ್ ಟೆಸ್ಟ್ ಬೇಕು. ಎಕ್ಸ್‌ಪೆಕ್ಟೆಡ್ 5ಕ್ಕಿಂತ ಕಮ್ಮಿ ಇರೋ ಮನೆ ಬಂದ್ರೆ ಫಿಶರ್ ಎಕ್ಸಾಕ್ಟ್ ಟೆಸ್ಟ್ ಮಾಡಿ. 5 ಇರಬೇಕಾಗಿರೋದು ಎಕ್ಸ್‌ಪೆಕ್ಟೆಡ್‌ನಲ್ಲಿ, ನೀವು ಎಣಿಸಿದ್ದರಲ್ಲಿ ಅಲ್ಲ.

92 ಅಂದ್ರೆ ಸಂಬಂಧ ಭಯಂಕರ ಗಟ್ಟಿ ಅಂತಾನೂ ಅಲ್ಲ. ಜನ ಜಾಸ್ತಿ ಆದಷ್ಟೂ ಈ ನಂಬರ್ ಊದ್ಕೊಳ್ಳತ್ತೆ. 92.2ನ 4526ರಿಂದ ಭಾಗಿಸಿ ವರ್ಗಮೂಲ ತೆಗೀರಿ, 0.14 ಬಂತು, ಸಂಬಂಧ ಎಷ್ಟು ಗಟ್ಟಿ ಅಂತ ಹೇಳೋ ಈ ಅಳತೆಗೆ ಕ್ರೇಮರ್‌ನ ವಿ ಅಂತ ಹೆಸರು. ಸೊನ್ನೆಯಿಂದ ಒಂದರವರೆಗಿನ ಅಳತೇಲಿ ಇದು ಸಣ್ಣದೇ, ರಿಪೋರ್ಟಲ್ಲಿ ಪಿ ವ್ಯಾಲ್ಯೂ ಪಕ್ಕದಲ್ಲಿ ಇದೂ ಇರ್ಲಿ.

ಇಷ್ಟಕ್ಕೇ ನಿಲ್ಲಿಸಿ ಹೆಂಗಸ್ರಿಗೆ ಮೋಸ ಆಗಿದೆ ಅಂತ ಬರೆದ್ರೆ ದೊಡ್ಡ ತಪ್ಪಾಗತ್ತೆ. ಸಂಬಂಧ ಇದೆ ಅಂತ ಹೇಳೋಕೆ ಮಾತ್ರ ಈ ಟೆಸ್ಟ್‌ಗೆ ಬರತ್ತೆ, ಯಾಕಿದೆ ಅಂತ ಹೇಳೋಕೆ ಬರಲ್ಲ. ಡಿಪಾರ್ಟ್‌ಮೆಂಟ್ ಡಿಪಾರ್ಟ್‌ಮೆಂಟ್ ಬೇರೆ ಮಾಡಿ ಆರು ಟೇಬಲ್ ಹಾಕಿ, ಅದೇ ಲೆಕ್ಕ ಆರು ಸಲ ಮಾಡಿ. ಡೇಟಾದಲ್ಲಿ ಅವಕ್ಕೆ ಎ ಇಂದ ಎಫ್ ಅಂತ ಹೆಸರು. ಬಿ, ಸಿ, ಡಿ, ಇ, ಎಫ್ ಐದರಲ್ಲೂ ಕೈ-ಸ್ಕ್ವೇರ್ ಹೆಚ್ಚೆಂದ್ರೆ 1, ಅಂದ್ರೆ ಸಂಬಂಧಕ್ಕೆ ಪುರಾವೆನೇ ಇಲ್ಲ. ಎ ಒಂದರಲ್ಲಿ 17.25, ಆದ್ರೆ ಅದು ಉಲ್ಟಾ: ಅಲ್ಲಿ 108 ಹೆಂಗಸ್ರಲ್ಲಿ 89 ಜನಕ್ಕೆ ಸೀಟು, 825 ಗಂಡಸ್ರಲ್ಲಿ 512 ಜನಕ್ಕೆ, 82 ಪರ್ಸೆಂಟ್ ಎಲ್ಲಿ 62 ಎಲ್ಲಿ!

ಹಾಗಾದ್ರೆ ಆ 92 ಎಲ್ಲಿಂದ ಬಂತು? ಅರ್ಜಿ ಹಾಕಿದ ಜಾಗದಿಂದ. ಎ ಮತ್ತು ಬಿಯಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನಕ್ಕೆ ಸೀಟು ಸಿಗ್ತಿತ್ತು, ಗಂಡಸ್ರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, 1385 ಮಂದಿ, ಅಲ್ಲೇ ಹಾಕಿದ್ರು. 1835 ಹೆಂಗಸ್ರಲ್ಲಿ ಅಲ್ಲಿಗೆ ಹಾಕಿದ್ದು 133 ಜನ ಮಾತ್ರ, ಉಳಿದವರೆಲ್ಲ ಸೀಟು ಸಿಗೋದೇ ಕಷ್ಟ ಇದ್ದ ಡಿಪಾರ್ಟ್‌ಮೆಂಟ್‌ಗಳಿಗೆ. ಎಫ್‌ನಲ್ಲಂತೂ 714 ಅರ್ಜಿಗೆ ಸಿಕ್ಕಿದ್ದು 46 ಸೀಟು. ನಿಮ್ಮ ಡೇಟಾದಲ್ಲೂ ಡಿಪಾರ್ಟ್‌ಮೆಂಟ್ ಥರದ್ದೊಂದು ಮೂರನೇ ಕಾಲಂ, ಊರೋ ವಯಸ್ಸೋ ಬ್ರಾಂಚೋ, ಇದ್ದೇ ಇರತ್ತೆ. ರಿಪೋರ್ಟ್ ಕೊಡೋ ಮುಂಚೆ ಅದ್ರ ಪ್ರಕಾರ ಟೇಬಲ್ ಒಡೆದು ಇನ್ನೊಂದ್ಸಲ ಲೆಕ್ಕ ಹಾಕಿ, ಒಡೆದಾಗ ಮನೆಗಳು ಸಣ್ಣದಾಗತ್ವೆ, ಎಕ್ಸ್‌ಪೆಕ್ಟೆಡ್ 5 ಇದ್ಯಾ ಅಂತ ಆಗ್ಲೂ ನೋಡ್ಕೊಳ್ಳಿ.