ಪೋಡಿ ಆಯ್ತು, ಗೋಮಾಳ ಬಿಟ್ಟೆವು, ರಾಗಿ ಜಾಸ್ತಿಯಾಯ್ತು

ನಾನಿರುವುದು ಬೆಂಗಳೂರಿನ ಯಲಹಂಕದಲ್ಲಿ, ಹೊಲ ಇರುವುದು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ. ನಮ್ಮ ಪಾಲು ಎರಡು ಎಕರೆ. ಅದರ ಜೊತೆಗೆ ಪಕ್ಕದ ಗೋಮಾಳದಲ್ಲಿ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಾಗದಲ್ಲಿ, ಅಪ್ಪ ಒಂದೂವರೆ ಎಕರೆ ಉಳುತ್ತಿದ್ದರು. ಊರಲ್ಲಿ ತುಂಬಾ ಜನ ಹಾಗೇ. ಬಗರ್‌ಹುಕುಂ ಸಕ್ರಮಕ್ಕೆ, ಅಂದರೆ ಅನುಮತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಉಳುವವರ ಹೆಸರಿಗೆ ಮಾಡಿಸಿಕೊಳ್ಳಲು, ಮೊದಲು ಅರ್ಜಿ ನಮೂನೆ 50 ಬಂತು, ಆಮೇಲೆ 53, 2018ರಲ್ಲಿ 57. "ಇನ್ನೊಂದು ಬಂದೇ ಬರುತ್ತೆ, ಉಳ್ತಾ ಇರು" ಅನ್ನೋದು ಊರಿನ ಮಾತು. ಆ ಮಾತು ನಂಬಿಕೊಂಡೇ ಗೋಮಾಳ ವರ್ಷ ವರ್ಷ ಹೊಲವಾಗುತ್ತಾ ಹೋಯಿತು, ದನಕ್ಕೆ ಮೇಯಲು ಜಾಗ ಇಲ್ಲದಾಯಿತು.

ರಾಗಿ ಇಳುವರಿ ಮಾತ್ರ ಎಕರೆಗೆ ಏಳೆಂಟು ಕ್ವಿಂಟಾಲ್ ದಾಟಲಿಲ್ಲ. ನಾಳೆ ಯಾರದಾಗುತ್ತೋ ಗೊತ್ತಿಲ್ಲದ ನೆಲಕ್ಕೆ ಯಾರು ಕೊಟ್ಟಿಗೆ ಗೊಬ್ಬರ ಹೊಡೆಸುತ್ತಾರೆ, ಬದು ಹಾಕಿಸುತ್ತಾರೆ? ಸ್ವಂತ ಹೊಲದ ಕಥೆಯೂ ಅಷ್ಟೇ. ಪಹಣಿ ತೀರಿಹೋದ ತಾತನ ಹೆಸರಲ್ಲೇ ಇತ್ತು, ಪೋಡಿ, ಅಂದರೆ ಪಾಲು ಅಳೆದು ಬೇರೆ ನಂಬರ್ ಮಾಡುವುದು, ಆಗಿರಲಿಲ್ಲ. ಬೆಳೆ ಸಾಲ ಇಲ್ಲ, ಕೃಷಿ ಹೊಂಡಕ್ಕೆ ಸಬ್ಸಿಡಿ ಇಲ್ಲ, ಬೆಂಬಲ ಬೆಲೆಗೆ ರಾಗಿ ಹಾಕೋಣ ಅಂದ್ರೆ ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ) ಕೇಳುತ್ತಾರೆ, ಅದಕ್ಕೆ ನಮ್ಮ ಹೆಸರಿನ ಪಹಣಿ ಬೇಕು.

ಹಾಗಾಗಿ ನಾನು ಮೊದಲು ಕಾಗದದ ಹಿಂದೆ ಬಿದ್ದೆ. 'ಭೂಮಿ' ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರ್ ಸೇರಿ ಇಪ್ಪತ್ತು ವರ್ಷದ ಮೇಲಾಯಿತು, ಆದರೆ ತಾತನ ಹೆಸರನ್ನು ಅದು ತಾನಾಗೇ ತೆಗೆಯುವುದಿಲ್ಲ ಅಲ್ವಾ. ವಂಶವೃಕ್ಷ ಮಾಡಿಸಿದೆ, ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ ಹಾಕಿದೆ, ಚಿಕ್ಕಪ್ಪಂದಿರನ್ನು ಕೂರಿಸಿ ಒಪ್ಪಿಸಿದೆ, ಸರ್ವೆಗೆ ದುಡ್ಡು ಕಟ್ಟಿದೆ. ಕಚೇರಿಯಲ್ಲಿ ಫೈಲ್ ಎರಡು ಸಲ ಕಳೆದುಹೋಯಿತು. ಒಟ್ಟು ಹದಿನಾಲ್ಕು ತಿಂಗಳು. ಸರ್ವೆಯರ್ ಅಳೆದು ಕಲ್ಲು ನೆಡಿಸಿದ ದಿನ ಅಪ್ಪ ಆ ಕಲ್ಲಿಗೆ ನೀರು ಹಾಕಿ ತೊಳೆದು ಅರಿಶಿನ ಕುಂಕುಮ ಇಟ್ಟರು.

ಆಮೇಲೆ ಸಾಲ ಸಿಕ್ಕಿತು, ಹೊಂಡ ತೆಗೆಸಿದೆವು, ಬೀಜ ಚೆಲ್ಲುವುದು ಬಿಟ್ಟು ಗುಳಿ ರಾಗಿ, ಅಂದರೆ ಗುಳಿ ಮಾಡಿ ಅದರಲ್ಲಿ ಪೈರು ನೆಡುವ ಪದ್ಧತಿಯಲ್ಲಿ, ನಾಟಿ ಮಾಡಿದೆವು. ಎಕರೆಗೆ 16 ಕ್ವಿಂಟಾಲ್ ಬಂತು. 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು, ಅದಕ್ಕೇ ಕೊಟ್ಟೆವು. ಎರಡು ಎಕರೆಯಲ್ಲೇ ಮೊದಲಿನ ಮೂರೂವರೆ ಎಕರೆಗಿಂತ ಜಾಸ್ತಿ ಆದಮೇಲೆ ಗೋಮಾಳದಲ್ಲಿ ಸುಮ್ನೆ ಯಾಕೆ ಮೈ ಸವೆಸಬೇಕು? ಬಿಟ್ಟುಬಿಟ್ಟೆವು.

ಬ್ರೆಜಿಲ್‌ನಲ್ಲಿ ಕಾಗದ ಸರಿಯಿದ್ದರೇ ಸಾಲ ಅನ್ನುವ ಇದೇ ದಾರಿಯನ್ನು, ಕಾವಲಿನ ಜೊತೆಗೆ, ದೊಡ್ಡದಾಗಿ ಹಿಡಿದಿದ್ದರು. ಅಮೆಜಾನ್ ಕಾಡಿನ ಮೇಲೆ ಉಪಗ್ರಹದ ಕಣ್ಣಿಟ್ಟರು, 2008ರಲ್ಲಿ ಆ ಭಾಗದ ಕೃಷಿ ಸಾಲಕ್ಕೆ ಭೂದಾಖಲೆ, ಪರಿಸರ ದಾಖಲೆ ಕಡ್ಡಾಯ ಮಾಡಿದರು. 2004ರಲ್ಲಿ ವರ್ಷಕ್ಕೆ 27 ಸಾವಿರ ಚದರ ಕಿ.ಮೀ. ದಾಟಿದ್ದ ಕಾಡು ಕಡಿತ 2012ಕ್ಕೆ 5 ಸಾವಿರದ ಒಳಗೆ ಇಳಿಯಿತು, ಸೋಯಾ ಬೆಳೆ ಕುಗ್ಗಲಿಲ್ಲ. ಬರೀ ಸಾಲ, ರಸ್ತೆ, ಬೆಲೆ ಕೊಟ್ಟು ಕಾವಲು ಬಿಟ್ಟರೆ ಉಲ್ಟಾ ಆಗುತ್ತೆ, ಲಾಭ ಕಂಡವರು ಇನ್ನಷ್ಟು ನೆಲಕ್ಕೆ ಕೈ ಹಾಕುತ್ತಾರೆ. ನಮ್ಮ ಗೋಮಾಳಕ್ಕೆ ಇನ್ನೂ ಬೇಲಿಯೂ ಇಲ್ಲ, ಗಡಿ ಕಲ್ಲೂ ಇಲ್ಲ. ನಾವು ಬಿಟ್ಟ ಜಾಗದಲ್ಲಿ ಸದ್ಯಕ್ಕೆ ಕುರಿ ಮೇಯುತ್ತಿವೆ.

ಪಕ್ಕದ ಹೊಲದ ಅಣ್ಣನದು ಇನ್ನೂ ಜಂಟಿ ಪಹಣಿ. ಸೋಮವಾರ ಅವರ ಜೊತೆ ವಂಶವೃಕ್ಷಕ್ಕೆ ಅರ್ಜಿ ಹಾಕಲು ಹೋಗುತ್ತಿದ್ದೇನೆ.